ಮೂರನೇ ಮಹಡಿಯ ತೆರೆದ ಕಿಟಕಿ: ಶಿಕಾಗೊದ ಆರು ಮನೆಗಳ ಕಟ್ಟಡಕ್ಕೆ ಹೀಟಿಂಗ್ ಕಂಟ್ರೋಲ್ ಆರಿಸಿದ್ದು

2022ರ ಜನವರಿಯ ಒಂದು ಭಾನುವಾರ. ಹೊರಗೆ ಮೈನಸ್ 8 ಡಿಗ್ರಿ ಸೆಲ್ಸಿಯಸ್. ಕಸ ಹಾಕಲು ಹಿಂದಿನ ಓಣಿಗೆ ಇಳಿದವನು ತಲೆ ಎತ್ತಿ ನೋಡಿದೆ. ಮೂರನೇ ಮಹಡಿಯ ಕಿಟಕಿ ಅರ್ಧ ತೆರೆದಿತ್ತು. ಪರದೆಯ ತುದಿ ಹೊರಗೆ ಹಾರಾಡುತ್ತಿತ್ತು. ಆ ಮನೆಯ ನಿವೃತ್ತ ಮೇಷ್ಟ್ರು ಒಳಗೆ ಟೀ ಶರ್ಟಿನಲ್ಲಿ ಕೂತು ಪೇಪರ್ ಓದುತ್ತಿದ್ದರು. ಕೆಳಗೆ ನಮ್ಮ ಮನೆಯಲ್ಲಿ, ಬಾಣಂತನಕ್ಕೆಂದು ತೀರ್ಥಹಳ್ಳಿಯಿಂದ ಬಂದಿದ್ದ ಅಮ್ಮ ಸ್ವೆಟರ್ ಮೇಲೆ ಶಾಲು, ಶಾಲಿನ ಮೇಲೆ ನನ್ನ ಜಾಕೆಟ್ಟು ಹೊದ್ದು ಮಗುವನ್ನು ಎತ್ತಿಕೊಂಡು ಕೂತಿದ್ದರು. ಎರಡೂ ಮನೆಗೆ ಶಾಖ ಬರುವುದು ಒಂದೇ ಬಾಯ್ಲರಿನಿಂದ. ಗ್ಯಾಸ್ ಬಿಲ್ಲು ಆರು ಮನೆಗೂ ಸಮಪಾಲು. ಅಂದರೆ ಆ ಕಿಟಕಿಯಿಂದ ಆಚೆ ಹೋಗುತ್ತಿದ್ದ ಬಿಸಿಗಾಳಿಯಲ್ಲಿ ಆರನೇ ಒಂದು ಪಾಲು ನನ್ನ ದುಡ್ಡು.

ನಾನು ಆ ವರ್ಷ ನಮ್ಮ ಅಸೋಸಿಯೇಷನ್ನಿನ ಖಜಾಂಚಿ. "ಹೊಸ ಥರ್ಮೋಸ್ಟಾಟ್ ಹಾಕಿಸಿ, ಎಲ್ಲ ಸರಿಹೋಗುತ್ತೆ" ಅಂತ ಮೀಟಿಂಗಿನಲ್ಲಿ ನಾಲ್ಕು ಜನ ಹೇಳಿದರು. ಥರ್ಮೋಸ್ಟಾಟ್ ಅಂದರೆ ಕೋಣೆಯ ಬಿಸಿ ನೋಡಿ ಬಾಯ್ಲರನ್ನು ಹಚ್ಚಿ ಆರಿಸುವ ಗೋಡೆಯ ಸ್ವಿಚ್ಚು. ನನಗೂ ಹಾಗೇ ಅನ್ನಿಸಿತ್ತು. ಅಲ್ಲಿಂದ ಮುಂದಿನ ಒಂದೂವರೆ ವರ್ಷದಲ್ಲಿ ಏನೇನಾಯಿತು ಅನ್ನುವುದು ಈ ಬರಹ. ಅಮೆರಿಕದ ಹಳೇ ಊರುಗಳಲ್ಲಿ ಇಂಥ ಮನೆ ಕೊಂಡ ಕನ್ನಡಿಗರು ಈಗ ಸುಮಾರು ಜನ ಇದ್ದಾರೆ. ಅವರಿಗೆ ಉಪಯೋಗವಾಗಬಹುದು.

ಕಟ್ಟಡ ಎಂಥದ್ದು

ಊರಿನ ಉತ್ತರ ತುದಿಯ ರೋಜರ್ಸ್ ಪಾರ್ಕ್. 1920ರ ದಶಕದ ಇಟ್ಟಿಗೆ ಕಟ್ಟಡ. ಶಿಕಾಗೊದಲ್ಲಿ ಇದಕ್ಕೆ ಸಿಕ್ಸ್ ಫ್ಲಾಟ್ ಅಂತಾರೆ. ನಡುವೆ ಮೆಟ್ಟಿಲು, ಮಹಡಿಗೆ ಎರಡು ಮನೆ, ಮೂರು ಮಹಡಿ. ಉತ್ತರದ ಸಾಲಿನ ಮೂರು ಮನೆ ಎನ್, ದಕ್ಷಿಣದ ಮೂರು ಮನೆ ಎಸ್. ನಮ್ಮದು 1 ಎನ್, ಮೇಷ್ಟ್ರದ್ದು 3 ಎಸ್. ಆರರಲ್ಲಿ ಎರಡು ಮನೆ ಬಾಡಿಗೆಗೆ ಕೊಟ್ಟಿವೆ.

ಬೇಸ್‌ಮೆಂಟಿನಲ್ಲಿ ಒಂದು ಗ್ಯಾಸ್ ಬಾಯ್ಲರ್. ಅದು ಮನೆಗಳಿಗೆ ಕಳಿಸುವುದು ಬಿಸಿನೀರನ್ನಲ್ಲ, ಹಬೆಯನ್ನು. ಅದೂ ಒಂದೇ ಪೈಪಿನಲ್ಲಿ. ಹಬೆ ಮೇಲೆ ಹೋಗುವುದೂ ಅದೇ ಪೈಪು, ತಣಿದು ನೀರಾಗಿ ಕೆಳಗೆ ಇಳಿಯುವುದೂ ಅದೇ ಪೈಪು. ನೋಡಿದರೆ ಹಳೇ ಕಾಲದ ದಡ್ಡತನ ಅನ್ನಿಸುತ್ತದೆ. ಅಲ್ಲ. ಇಡೀ ಕಟ್ಟಡದಲ್ಲಿ ಪಂಪು ಒಂದೂ ಇಲ್ಲ. ನೀರು ಹಬೆಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಅಷ್ಟು ಸಾಕು, ಮೂರು ಮಹಡಿ ತಾನೇ ಹತ್ತುತ್ತದೆ. ಇಳಿಯುವ ಕೆಲಸ ನೀರಿನ ಭಾರದ್ದು.

ಇಲ್ಲಿ ಒಂದು ವಿಷಯ ತಿಳಿಯದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬಾಯ್ಲರ್ ಆರಿದಾಗ ಪೈಪಿನ ತುಂಬ ಗಾಳಿ ಇರುತ್ತದೆ. ಆ ಗಾಳಿ ಹೊರಗೆ ಹೋಗದೆ ಹಬೆ ಒಳಗೆ ಬರುವುದಿಲ್ಲ. ಅದಕ್ಕೇ ಕೋಣೆ ಕಾಯಿಸುವ ಪ್ರತಿ ರೇಡಿಯೇಟರಿಗೂ ಪಕ್ಕದಲ್ಲಿ ಒಂದು ಪುಟ್ಟ ವೆಂಟ್ ಇರುತ್ತದೆ. ಗಾಳಿಯನ್ನು ಸುಯ್ಯನೆ ಬಿಡುತ್ತದೆ. ಬಿಸಿ ಹಬೆ ತಾಕಿದ ಕೂಡಲೇ ಮುಚ್ಚಿಕೊಳ್ಳುತ್ತದೆ. ಬೇಸ್‌ಮೆಂಟಿನ ದೊಡ್ಡ ಪೈಪಿನ ತುದಿಯಲ್ಲೂ ಇಂಥದೇ ಒಂದು ದೊಡ್ಡ ವೆಂಟ್ ಇರಬೇಕು. ಆ ದೊಡ್ಡ ಪೈಪನ್ನು ಮೇನ್ ಅಂತಾರೆ. ನಮ್ಮಲ್ಲಿ ಎರಡು ಮೇನ್. ಬಾಯ್ಲರ್ ಇರುವುದು ದಕ್ಷಿಣದ ಕಡೆ, ಹಾಗಾಗಿ ದಕ್ಷಿಣದ ಮೇನ್ ಗಿಡ್ಡ, ಉತ್ತರದ್ದು ಉದ್ದ. ಥರ್ಮೋಸ್ಟಾಟ್ ಇಡೀ ಕಟ್ಟಡಕ್ಕೆ ಒಂದೇ. ಅದು ಇದ್ದದ್ದು ನಮ್ಮ ಮನೆಯ ಹಜಾರದಲ್ಲಿ.

ಈ ಕಾರಣಕ್ಕೆ ನಾನು ಕಟ್ಟಡದ ಚಳಿ ಸೆಖೆಗೆಲ್ಲ ಹೊಣೆಗಾರನಾಗಿದ್ದೆ. 2 ಎನ್ ಮನೆಯ ನರ್ಸಮ್ಮ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವವರು. ಸೆಖೆ ತಡೆಯದೆ ಮಧ್ಯಾಹ್ನ ಮೆಸೇಜು ಕಳಿಸುತ್ತಿದ್ದರು. ನಮ್ಮನೆಯಲ್ಲಿ ನಾನು ಗುಂಡಿ ಒಂದು ಡಿಗ್ರಿ ಕೆಳಗಿಳಿಸಿದರೆ ಅಮ್ಮ, "ಏನೋ ಇದು, ಮಗು ಕಾಲು ಮಂಜಾಗಿದೆ" ಅನ್ನುತ್ತಿದ್ದರು. ಥರ್ಮೋಸ್ಟಾಟಿಗೆ ಬೀಗದ ಪೆಟ್ಟಿಗೆ ಹಾಕಬೇಕು ಅಂತ ಒಂದು ಠರಾವು ಬೇರೆ ಬಂತು. ಕೀಲಿ ಯಾರ ಹತ್ತಿರ ಇರಬೇಕು ಅನ್ನುವಲ್ಲಿ ಆ ಚರ್ಚೆ ನಿಂತಿತು.

ಇನ್ನೊಂದು ಲಕ್ಷಣ ನಮಗೆ ಅಡುಗೆಮನೆಯಲ್ಲಿ ಸಿಕ್ಕಿತ್ತು, ಆಗ ತಿಳಿಯಲಿಲ್ಲ ಅಷ್ಟೇ. ಚಳಿ ದೇಶದಲ್ಲಿ ಇಡ್ಲಿ ಹಿಟ್ಟು ಉಬ್ಬಿಸುವುದು ದೊಡ್ಡ ಕೆಲಸ ಅಲ್ವಾ? ಅಮ್ಮ ಪಾತ್ರೆಯನ್ನು ರೇಡಿಯೇಟರ್ ಮೇಲೆ ಮಣೆ ಹಾಕಿ ಇಡುತ್ತಿದ್ದರು. ಒಂದು ದಿನ ಹಿಟ್ಟು ಇಟ್ಟ ಹಾಗೇ ತಣ್ಣಗೆ. ಮಾರನೇ ದಿನ ತಳ ಬೆಂದು ಗಟ್ಟಿ. ಅಂದರೆ ನಮ್ಮ ರೇಡಿಯೇಟರ್ ಗಂಟೆಗಟ್ಟಲೆ ಸತ್ತಂತೆ ಇದ್ದು, ಆಮೇಲೆ ಒಮ್ಮೆಲೇ ಕಾದು, ಬಹಳ ಹೊತ್ತು ಕಾಯುತ್ತಲೇ ಇರುತ್ತಿತ್ತು.

ಕಾನೂನು ಹಾಕಿದ ಗೆರೆ

ಶಿಕಾಗೊದಲ್ಲಿ ಬಾಡಿಗೆ ಮನೆಗೆ ಶಾಖ ಕೊಡುವುದು ಮಾಲೀಕರ ಔದಾರ್ಯ ಅಲ್ಲ. ಸೆಪ್ಟೆಂಬರ್ 15ರಿಂದ ಜೂನ್ 1ರವರೆಗೆ, ಬೆಳಗ್ಗೆ 8:30ರಿಂದ ರಾತ್ರಿ 10:30ರ ತನಕ ಒಳಗೆ ಕನಿಷ್ಠ 68 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ಅಂದರೆ 20 ಸೆಲ್ಸಿಯಸ್. ರಾತ್ರಿ 66, ಅಂದರೆ ಸುಮಾರು 19. ತಪ್ಪಿದರೆ ದಿನದ ಲೆಕ್ಕದಲ್ಲಿ ದಂಡ. ದಿನಕ್ಕೆ 1,000 ಡಾಲರ್ ತನಕ ಹೋಗಬಹುದು. ಸುಮ್ನೆ ಮಾಡಿದ ನಿಯಮ ಅಲ್ಲ ಇದು. 1985ರ ಜನವರಿ 20ರಂದು ಈ ಊರು ಮೈನಸ್ 33 ಸೆಲ್ಸಿಯಸ್ ಕಂಡಿದೆ. 2019ರ ಜನವರಿ 30ರಂದು ಮೈನಸ್ 31 ಇತ್ತು. ಆ ದಿನ ನಾವು ಇಲ್ಲೇ ಇದ್ದೆವು. ನಮ್ಮ ಮನೆ 16 ಡಿಗ್ರಿಗೆ ಇಳಿದಿತ್ತು. ಮೇಷ್ಟ್ರ ಮನೆಯಲ್ಲಿ ಆ ದಿನವೂ ಬೆಚ್ಚಗೇ ಇತ್ತಂತೆ.

ಹಾಗಾಗಿ ಏನು ಆರಿಸಿದರೂ ಒಂದು ಷರತ್ತು ಇತ್ತು. ಅತಿ ತಣ್ಣಗಿನ ಮನೆ 20ಕ್ಕಿಂತ ಕೆಳಗೆ ಇಳಿಯಬಾರದು. ಅತಿ ತಣ್ಣಗಿನ ಮನೆ ನಮ್ಮದೇ.

ಬಂದ ಸಲಹೆಗಳು

ಮೂರು ಹೀಟಿಂಗ್ ಕಂಪನಿಯವರನ್ನು ಕರೆಸಿದೆವು. ಒಬ್ಬರು ಬೇಸ್‌ಮೆಂಟಿಗೇ ಇಳಿಯಲಿಲ್ಲ. ಹಜಾರದಲ್ಲಿ ನಿಂತೇ, ಕೋಣೆ ಸೆನ್ಸರ್ ಇರುವ ಸ್ಮಾರ್ಟ್ ಥರ್ಮೋಸ್ಟಾಟ್ ಹಾಕಿಸಿ ಅಂದರು. 450 ಡಾಲರ್. ಇನ್ನೊಬ್ಬರು ಕಟ್ಟಡದ 38 ರೇಡಿಯೇಟರಿಗೂ ಕೋಣೆಯ ಬಿಸಿ ನೋಡಿ ತಾನೇ ಶಾಖ ತಡೆಯುವ ಒಂದೊಂದು ಥರ್ಮೋಸ್ಟಾಟಿಕ್ ವಾಲ್ವ್ ಹಾಕೋಣ ಅಂದರು. 8,400. ಮೂರನೆಯವರು ಹೇಳಿದ್ದು ಹೊರಗಿನ ಚಳಿ ನೋಡಿ ಬಾಯ್ಲರ್ ಓಡಿಸುವ ಕಂಟ್ರೋಲರ್. 3,900. ಇದಲ್ಲದೆ 2 ಎಸ್ ಮನೆಯವರು ಎಲ್ಲವನ್ನೂ ಕಿತ್ತು ಮನೆಗೊಂದು ಬಿಸಿಗಾಳಿಯ ಫರ್ನೆಸ್ ಹಾಕಿಸುವ ಮಾತೆತ್ತಿದರು. ಗೋಡೆ ಒಡೆಯುವ ಖರ್ಚು ಕೇಳಿ ಸುಮ್ಮನಾದರು.

ಸ್ಮಾರ್ಟ್ ಥರ್ಮೋಸ್ಟಾಟಿನ ರುಚಿ ನಮಗೆ ಆಗಲೇ ಗೊತ್ತಿತ್ತು. ಹಿಂದಿನ ನವೆಂಬರಿನಲ್ಲಿ ಮೂರು ವಾರ ಒಂದನ್ನು ಹಾಕಿ ನೋಡಿದ್ದೆವು. ಅದು ಮನೆಯಲ್ಲಿ ಜನ ಓಡಾಡುವುದನ್ನು ಗಮನಿಸಿ, ಯಾರೂ ಇಲ್ಲದಿದ್ದರೆ ಶಾಖ ಕಮ್ಮಿ ಮಾಡುತ್ತದೆ. ಒಂದೇ ಮನೆಗೆ ಒಳ್ಳೆಯದೇ. ನಮ್ಮಲ್ಲಿ ಆದದ್ದೇನು? ಶನಿವಾರ ನಾವು ಡೆವನ್ ಅವೆನ್ಯೂಗೆ ತರಕಾರಿ, ದಿನಸಿ ತರಲು ಹೋದೆವು. ಮನೆ ಖಾಲಿ ಅಂದುಕೊಂಡ ಅದು ಆರೂ ಮನೆಯ ಶಾಖ ಇಳಿಸಿತು. ಕೊತ್ತಂಬರಿ ಕಟ್ಟು ಕೈಯಲ್ಲಿ ಹಿಡಿದು ನಿಂತಾಗಲೇ ಮೂರು ಮೆಸೇಜು ಬಂದವು.

ಅಳೆದ ಹತ್ತು ದಿನ

ಮೂರನೇ ಕಂಪನಿಯ ಹಿರಿಯ ಕೆಲಸಗಾರರೊಬ್ಬರು ಹೊರಡುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಹಬೆ ಕೊನೆಯ ರೇಡಿಯೇಟರ್ ಮುಟ್ಟಲು ಎಷ್ಟು ನಿಮಿಷ ಬೇಕು, ಯಾವತ್ತಾದರೂ ನೋಡಿದ್ದೀರಾ?" ನೋಡಿರಲಿಲ್ಲ. "ಅದನ್ನು ನೋಡದೆ ನನ್ನ ಕಂಟ್ರೋಲರನ್ನೂ ಕೊಳ್ಳಬೇಡಿ" ಅಂದರು. ತಾವು ಮಾರಬೇಕಾದ ವಸ್ತುವಿನ ಬಗ್ಗೆ ಹೀಗೆ ಹೇಳುವವರು ಸಿಗುವುದು ಅಪರೂಪ.

ಆರು ಮನೆಯಲ್ಲೂ ಉಷ್ಣತೆ ಬರೆದಿಡುವ ಸಣ್ಣ ಡಬ್ಬಿಗಳನ್ನು ಇಟ್ಟೆವು. ಒಂದೊಂದು ಹದಿನೈದು ಡಾಲರಿನವು. ಹತ್ತು ದಿನ ಬಿಟ್ಟೆವು. ಒಂದು ಬೆಳಗ್ಗೆ ಬಾಯ್ಲರ್ ಪೂರ್ತಿ ತಣಿದಾಗ ಹಚ್ಚಿ, ನಾನು ಗಡಿಯಾರ ಹಿಡಿದು ಬೇಸ್‌ಮೆಂಟಿನಲ್ಲಿ ಮೇನ್ ಪೈಪಿನ ಉದ್ದಕ್ಕೂ ಓಡಾಡಿದೆ. ದಕ್ಷಿಣದ ಮೇನಿನ ತುದಿ 8 ನಿಮಿಷಕ್ಕೆ ಬಿಸಿಯಾಯಿತು. ಉತ್ತರದ ತುದಿಗೆ 24 ನಿಮಿಷ ಬೇಕಾಯಿತು.

ಅಲ್ಲಿಗೆ ಗುಟ್ಟು ಅರ್ಧ ಬಯಲಾಯಿತು. ಉತ್ತರದ ಮೇನಿನ ತುದಿಯಲ್ಲಿದ್ದ ದೊಡ್ಡ ವೆಂಟ್ ಎಷ್ಟೋ ವರ್ಷದ ಹಿಂದೆ ಕಚ್ಚಿಕೊಂಡು ಮುಚ್ಚಿಹೋಗಿತ್ತು. ಮೇಲೆ ಬಣ್ಣ ಬೇರೆ ಬಳಿದಿದ್ದರು. ಆ ಪೈಪಿನ ಗಾಳಿಯೆಲ್ಲ ರೇಡಿಯೇಟರಿನ ಪುಟ್ಟ ವೆಂಟುಗಳಿಂದಲೇ ನುಸುಳಿ ಹೋಗಬೇಕಿತ್ತು. ಆ ಸಾಲಿನ ಕಟ್ಟಕಡೆಗೆ ಇರುವುದು ನಮ್ಮ ಹಜಾರದ ರೇಡಿಯೇಟರ್. ಥರ್ಮೋಸ್ಟಾಟ್ ಇರುವುದೂ ಅದರ ಎದುರಿಗೇ. ಇಡೀ ಕಟ್ಟಡದಲ್ಲಿ ಹಬೆ ಕೊನೆಗೆ ತಲುಪುವ ಜಾಗದಲ್ಲಿ ಕೂತು ಅದು "ಇನ್ನೂ ಚಳಿ, ಇನ್ನೂ ಚಳಿ" ಅನ್ನುತ್ತಿತ್ತು. ನಮ್ಮ ಮನೆ ಬೆಚ್ಚಗಾಗುವ ಹೊತ್ತಿಗೆ ದಕ್ಷಿಣದ ಮನೆಗಳು ಬೆಂದಿರುತ್ತಿದ್ದವು. ಡಬ್ಬಿಯ ಲೆಕ್ಕದಲ್ಲಿ ನಮ್ಮ ಮನೆ 20.5, ಮೇಷ್ಟ್ರ ಮನೆ 28.5. ಕಿಟಕಿ ತೆರೆದಿಟ್ಟೂ ಅಷ್ಟು. ಎಂಟು ಡಿಗ್ರಿ ಅಂತರ.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇದ್ದವರಿಗೆ ಇದು ಹೊಸದಲ್ಲ. ಓವರ್‌ಹೆಡ್ ಟ್ಯಾಂಕಿನ ನೀರು ಕೆಳಗಿನ ಮನೆಗೆ ಧೋ ಅಂತ ಬರುತ್ತದೆ, ಮೇಲಿನ ಮನೆಯ ನಲ್ಲಿಯಲ್ಲಿ ದಾರದ ಎಳೆ. ಆಗ ಮೋಟರಿನ ಆಟೋಮ್ಯಾಟಿಕ್ ಸ್ವಿಚ್ ಬದಲಿಸಿದರೆ ಏನುಪಯೋಗ? ಮೋಟರ್ ಯಾವಾಗ ಓಡಬೇಕು ಅನ್ನುವುದು ಬೇರೆ, ನೀರು ಯಾರಿಗೆ ಎಷ್ಟು ಅನ್ನುವುದು ಬೇರೆ. ಬಾಯ್ಲರಿನ ಕಂಟ್ರೋಲ್ ಪೆಟ್ಟಿಗೆಯೂ ಅಷ್ಟೇ. ಬೆಂಕಿ ಯಾವಾಗ ಹತ್ತಬೇಕು, ಯಾವಾಗ ಆರಬೇಕು ಅಂತ ಹೇಳಬಲ್ಲದು. ಶಾಖ ಯಾರ ಮನೆಗೆ ಹೋಗಬೇಕು ಅಂತ ಹೇಳಲಾರದು. ಎಲೆಕ್ಟ್ರಿಕ್ ಥರ್ಮೋಸ್ಟಾಟಿಗೆ 1883ರಲ್ಲಿ ಪೇಟೆಂಟ್ ಪಡೆದ ವಾರನ್ ಜಾನ್ಸನ್ ಇಲ್ಲೇ ಪಕ್ಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಮೇಷ್ಟ್ರಾಗಿದ್ದವರು. ಅವರ ಉಪಕರಣ ಮಾಡುತ್ತಿದ್ದದ್ದು ಇಷ್ಟೇ: ತರಗತಿಯಲ್ಲಿ ಚಳಿಯಾದರೆ ನೆಲಮಾಳಿಗೆಯಲ್ಲಿರುವ ಜವಾನನಿಗೆ ಗಂಟೆ ಬಾರಿಸಿ ತಿಳಿಸುವುದು.

ಎರಡನೇ ಅರ್ಧ ಗುಟ್ಟು ಬಾಯ್ಲರಿನ ಪಕ್ಕದಲ್ಲಿತ್ತು. ಹಬೆಯ ಒತ್ತಡ ಮಿತಿ ಮೀರಿದರೆ ಬೆಂಕಿ ಆರಿಸುವ ಪ್ರೆಶರ್‌ಟ್ರೋಲ್ ಅನ್ನುವ ಸ್ವಿಚ್ಚೊಂದು ಇರುತ್ತದೆ. ಹಿಂದೆ ಯಾರೋ ದೂರದ ಮನೆಗೆ ಹಬೆ ಬೇಗ ತಲುಪಲಿ ಅಂತ ಅದನ್ನು 7 ಪೌಂಡಿಗೆ ಏರಿಸಿಟ್ಟಿದ್ದರು. ಎಲ್ಲರಿಗೂ ಹೊಳೆಯುವ ಉಪಾಯ, ಆದರೆ ತಪ್ಪು. ಮನೆಯ ಕುಕ್ಕರ್ ಸೀಟಿ ಹೊಡೆಯುವುದು ಚದರ ಇಂಚಿಗೆ ಸುಮಾರು 15 ಪೌಂಡ್ ಒತ್ತಡದಲ್ಲಿ. ಇಂಥ ಕಟ್ಟಡಕ್ಕೆ ಬೇಕಾದದ್ದು 2 ಪೌಂಡಿಗೂ ಕಡಿಮೆ. ಇದು ಕುಕ್ಕರ್ ಅಲ್ಲ, ಇಡ್ಲಿ ಪಾತ್ರೆ. ಗಾಳಿಗೆ ದಾರಿ ಇಲ್ಲದಾಗ ಒತ್ತಡ ಏರಿಸಿದರೆ ಗಾಳಿ ಇನ್ನಷ್ಟು ಅಮುಕಿಕೊಳ್ಳುತ್ತದೆ, ವೆಂಟುಗಳು ಕೆಡುತ್ತವೆ, ಅಷ್ಟೇ. ಆ ಸ್ವಿಚ್ಚಿಗೆ ಒತ್ತಡ ತಿಳಿಸುವ ಸುರುಳಿ ಪೈಪು ಕೂಡ ಕೆಸರು ಕಟ್ಟಿ ಅರ್ಧ ಮುಚ್ಚಿತ್ತು.

ಹಳಬರು ಕೊಟ್ಟ ಉಡುಗೊರೆ

ಅದೇ ವಾರ ಒಂದು ಸಂಜೆ ಎಲ್ಲ ರೇಡಿಯೇಟರುಗಳನ್ನು ಅಳೆದೆ. ಇವುಗಳ ಗಾತ್ರವನ್ನು ಚದರ ಅಡಿಯಲ್ಲಿ ಲೆಕ್ಕ ಹಾಕುತ್ತಾರೆ. ಒಂದು ಚದರ ಅಡಿ ಅಂದರೆ ಗಂಟೆಗೆ 240 ಬಿಟಿಯು ಶಾಖ. ಬಿಟಿಯು ಅನ್ನುವುದು ಶಾಖ ಅಳೆಯುವ ಮಾನ. 38 ರೇಡಿಯೇಟರ್ ಸೇರಿ ಸುಮಾರು 1,520 ಚದರ ಅಡಿ ಬಂತು. ಅಂದರೆ 3 ಲಕ್ಷ 65 ಸಾವಿರ ಬಿಟಿಯು. ಪೈಪು ಕಾಯಿಸುವುದಕ್ಕೆ ಮೂರನೇ ಒಂದು ಪಾಲು ಸೇರಿಸಿದರೂ 4 ಲಕ್ಷ 85 ಸಾವಿರ ಕೊಡುವ ಬಾಯ್ಲರ್ ಸಾಕು. ನಮ್ಮದು 7 ಲಕ್ಷ 20 ಸಾವಿರ ಕೊಡುತ್ತದೆ. ಹಿಂದಿನ ಬಾಯ್ಲರಿನ ಮೇಲಿದ್ದ ಚೀಟಿ ನೋಡಿ ಅಷ್ಟೇ ದೊಡ್ಡದನ್ನು ತಂದು ಕೂರಿಸಿದ್ದರಂತೆ, ಅಳೆಯದೆ.

ರೇಡಿಯೇಟರುಗಳೂ ಮನೆಗೆ ಬೇಕಾದದ್ದಕ್ಕಿಂತ ದೊಡ್ಡವು. ಇದಕ್ಕೆ ಒಂದು ಕಾರಣ ಹೇಳುತ್ತಾರೆ. 1918ರ ಇನ್‌ಫ್ಲುಯೆಂಜಾ ಮಾರಿಯ ಹೊತ್ತಿನಲ್ಲಿ ಆರೋಗ್ಯ ಇಲಾಖೆಗಳು ಚಳಿಗಾಲದಲ್ಲೂ ಕಿಟಕಿ ತೆರೆದಿಡಿ ಅಂದವು. ಮುಚ್ಚಿದ ಕೋಣೆಯ ಗಾಳಿಯಲ್ಲಿ ರೋಗ ಹರಡುತ್ತದೆ ಅಂತ. ಹಾಗಾಗಿ ಆಮೇಲಿನ ಕಾಲದ ಎಂಜಿನಿಯರುಗಳು ಅತಿ ಚಳಿಯ ದಿನ ಕಿಟಕಿ ತೆರೆದಿದ್ದರೂ ಮನೆ ಬೆಚ್ಚಗಿರುವ ಹಾಗೆ ರೇಡಿಯೇಟರ್ ಹಾಕಿದರು. ನಾವು ಈ ಅಳತೆ ತೆಗೆಯುತ್ತಿದ್ದದ್ದು ಮಾಸ್ಕ್ ಹಾಕಿಕೊಂಡು, ಕೊರೊನಾದ ಮೂರನೇ ಚಳಿಗಾಲದಲ್ಲಿ. ನಮ್ಮ ಮೇಷ್ಟ್ರು ಗೊತ್ತಿಲ್ಲದೆಯೇ ಕಟ್ಟಡವನ್ನು ಅದು ಕಟ್ಟಿದ ಉದ್ದೇಶಕ್ಕೆ ಸರಿಯಾಗಿ ಬಳಸುತ್ತಿದ್ದರು.

ಮೊದಲು ಪೈಪು

ಫೆಬ್ರವರಿಯಲ್ಲಿ ಕಂಟ್ರೋಲಿನ ಮಾತು ಬದಿಗಿಟ್ಟು ಪೈಪಿನ ಕೆಲಸ ಮಾಡಿಸಿದೆವು. ಎರಡೂ ಮೇನಿನ ತುದಿಗೆ ಹೊಸ ದೊಡ್ಡ ವೆಂಟ್, ಉತ್ತರಕ್ಕೆ ಮೂರು, ದಕ್ಷಿಣಕ್ಕೆ ಒಂದು. ಸುರುಳಿ ಪೈಪು ಬಿಚ್ಚಿ ತೊಳೆದರು. ಪ್ರೆಶರ್‌ಟ್ರೋಲನ್ನು ಒಂದೂವರೆ ಪೌಂಡಿಗೆ ಇಳಿಸಿದರು. ಮೂರನೇ ಮಹಡಿಯ ರೇಡಿಯೇಟರುಗಳಿಗೆ ನಿಧಾನವಾಗಿ ಗಾಳಿ ಬಿಡುವ ವೆಂಟ್, ನಮ್ಮ ಮನೆಗೆ ಬೇಗ ಬಿಡುವಂಥದ್ದು. ಕೆಲಸಗಾರರ ಸೂತ್ರ ಸರಳ: ಮೇನ್ ಬೇಗ ತುಂಬಬೇಕು, ರೇಡಿಯೇಟರ್ ನಿಧಾನ ತುಂಬಬೇಕು. ಆಗ ಎಲ್ಲ ಮನೆಗೂ ಒಂದೇ ಹೊತ್ತಿಗೆ ಹಬೆ ಹೊರಡುತ್ತದೆ.

2 ಎಸ್ ಮನೆಯಲ್ಲಿ ರಾತ್ರಿ ಯಾರೋ ಸುತ್ತಿಗೆಯಿಂದ ಪೈಪು ಬಡಿದಂತೆ ಸದ್ದಾಗುತ್ತಿತ್ತು. ಕಾರಣ ಎರಡು. ರೇಡಿಯೇಟರ್, ಹಬೆ ಒಳಬರುವ ಬಾಯಿಯ ವಾಲ್ವಿನ ಕಡೆಗೆ ಸ್ವಲ್ಪ ಇಳಿಜಾರಾಗಿರಬೇಕು, ಅದು ಹಿಂದಕ್ಕೆ ವಾಲಿತ್ತು. ಜೊತೆಗೆ ಸೆಖೆ ಅಂತ ಅವರು ವಾಲ್ವನ್ನು ಅರ್ಧ ತಿರುಗಿಸಿಟ್ಟಿದ್ದರು. ಒಂದೇ ಪೈಪಿನ ವ್ಯವಸ್ಥೆಯಲ್ಲಿ ವಾಲ್ವ್ ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು. ಅರ್ಧ ಇಟ್ಟರೆ ಇಳಿಯುವ ನೀರಿಗೆ ದಾರಿ ಸಾಲದೆ ಒಳಗೇ ನಿಲ್ಲುತ್ತದೆ, ಬರುವ ಹಬೆ ಅದನ್ನು ಎತ್ತಿ ಗೋಡೆಗೆ ಬಡಿಯುತ್ತದೆ. ಎರಡು ಕಾಲಿನ ಕೆಳಗೆ ಮರದ ತುಂಡು ಇಟ್ಟು, ವಾಲ್ವ್ ತೆರೆಸಿದ ಮೇಲೆ ಸದ್ದು ನಿಂತಿತು.

ಎಲ್ಲ ಸೇರಿ 700 ಡಾಲರ್. ಥರ್ಮೋಸ್ಟಾಟ್ ಹಳೆಯದೇ, ಜಾಗವೂ ಅದೇ. ಉತ್ತರದ ಮೇನ್ 24 ನಿಮಿಷದ ಬದಲು 7 ನಿಮಿಷಕ್ಕೆ ತುಂಬತೊಡಗಿತು. ಎಂಟು ಡಿಗ್ರಿಯ ಅಂತರ ನಾಲ್ಕಕ್ಕೆ ಇಳಿಯಿತು. ಬಿಲ್ಲನ್ನು ತಿಂಗಳಿಂದ ತಿಂಗಳಿಗೆ ಹೋಲಿಸಿದರೆ ತಪ್ಪಾಗುತ್ತದೆ, ಚಳಿ ಹೆಚ್ಚು ಕಮ್ಮಿ ಇರುತ್ತದಲ್ಲ. ಅದಕ್ಕೆ ಡಿಗ್ರಿ-ದಿನದ ಲೆಕ್ಕ ಹಿಡಿಯಬೇಕು. ಒಂದು ದಿನದ ಸರಾಸರಿ 65 ಫ್ಯಾರನ್‌ಹೀಟಿಗಿಂತ ಎಷ್ಟು ಕೆಳಗಿದೆಯೋ ಅಷ್ಟು ಡಿಗ್ರಿ-ದಿನ. ಮೊದಲು ನಮ್ಮ ಕಟ್ಟಡ ಒಂದು ಡಿಗ್ರಿ-ದಿನಕ್ಕೆ 1.05 ಥರ್ಮ್ ಗ್ಯಾಸ್ ಉರಿಸುತ್ತಿತ್ತು. ಥರ್ಮ್ ಅನ್ನುವುದು ಬಿಲ್ಲಿನಲ್ಲಿ ಗ್ಯಾಸ್ ಅಳೆಯುವ ಮಾನ. ಫೆಬ್ರವರಿಯ ಕೊನೆಯಿಂದ ಏಪ್ರಿಲ್ ತನಕ 0.95ಕ್ಕೆ ಬಂತು. ಹತ್ತಿರ ಹತ್ತಿರ ಶೇಕಡಾ ಹತ್ತು. ಕಂಟ್ರೋಲ್ ಪೆಟ್ಟಿಗೆಗೆ ಇನ್ನೂ ಒಂದು ಡಾಲರೂ ಖರ್ಚಾಗಿರಲಿಲ್ಲ.

ಆಮೇಲೆ ಕಂಟ್ರೋಲ್

ಬೇಸಿಗೆಯಲ್ಲಿ ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು ತೀರ್ಮಾನಕ್ಕೆ ಕೂತೆವು. ಈಗ ಪ್ರಶ್ನೆ ಸಣ್ಣದಾಗಿತ್ತು. ಹಬೆ ಹೆಚ್ಚು ಕಮ್ಮಿ ಸಮನಾಗಿ ಹೋಗುತ್ತಿದೆ. ಇನ್ನು ಎಷ್ಟು ಹೊತ್ತು ಕಳಿಸಬೇಕು ಅನ್ನುವುದಷ್ಟೇ ಉಳಿದದ್ದು.

38 ವಾಲ್ವಿನ ಸಲಹೆ ಮೊದಲು ಬಿತ್ತು. ಒಂದೇ ಪೈಪಿನ ರೇಡಿಯೇಟರಿನಲ್ಲಿ ಈ ವಾಲ್ವ್ ಕೂರುವುದು ಹಬೆಯ ದಾರಿಯಲ್ಲಲ್ಲ. ರೇಡಿಯೇಟರಿಗೂ ಗಾಳಿ ವೆಂಟಿಗೂ ನಡುವೆ. ಕೋಣೆ ಬೆಚ್ಚಗಿದ್ದರೆ ಗಾಳಿ ಹೊರಹೋಗದಂತೆ ತಡೆಯುತ್ತದೆ, ಹಬೆ ಒಳಗೆ ಬರಲಾಗುವುದಿಲ್ಲ. ಜಾಣ ಉಪಾಯ. ಆದರೆ ಹಬೆ ಒಮ್ಮೆ ಒಳಗೆ ಬಂದ ಮೇಲೆ ಅದರ ಕೈಯಲ್ಲಿ ಏನೂ ಇಲ್ಲ. ಬಾಯ್ಲರ್ ಆರಿ, ರೇಡಿಯೇಟರಿಗೆ ಮತ್ತೆ ಗಾಳಿ ಬರುವ ತನಕ ಕಾಯಬೇಕು. ಅಂದರೆ ಬಾಯ್ಲರ್ ಸರಿಯಾಗಿ ಹತ್ತಿ ಆರುತ್ತಿದ್ದರೆ ಮಾತ್ರ ಇವಕ್ಕೆ ಬೆಲೆ. ಎಲ್ಲ ಕಡೆ ಹಾಕುವುದು ದಂಡ. ಸೆಖೆಯ ಕೋಣೆಗಳಿಗಷ್ಟೇ ಹಾಕಿದರೆ ಸಾಕು.

ಉಳಿದದ್ದು ಎರಡು. ಸೆನ್ಸರಿನ ಸ್ಮಾರ್ಟ್ ಥರ್ಮೋಸ್ಟಾಟ್, ಇಲ್ಲವೇ ಹೊರಗಿನ ಚಳಿ ನೋಡುವ ಕಂಟ್ರೋಲರ್. ಟೆಕ್ಮಾರ್, ಹೀಟ್-ಟೈಮರ್ ಅಂಥ ಕಂಪನಿಗಳು ಹಬೆ ಕಟ್ಟಡಕ್ಕೆಂದೇ ಇವನ್ನು ಮಾಡುತ್ತವೆ. ಹಬೆಯ ಬಿಸಿ ಯಾವಾಗಲೂ ಸುಮಾರು 100 ಡಿಗ್ರಿ, ಅದನ್ನು ಕಮ್ಮಿ ಜಾಸ್ತಿ ಮಾಡಲಾಗದು. ಬದಲಿಸಬಹುದಾದದ್ದು ಹೊತ್ತು ಮಾತ್ರ. ಮೇನಿನ ತುದಿಯಲ್ಲಿ ಒಂದು ಸೆನ್ಸರ್ ಕಟ್ಟುತ್ತಾರೆ. ಅದು ಬಿಸಿಯಾದರೆ ಹಬೆ ಎಲ್ಲ ಕಡೆ ಹರಡಿದೆ ಅಂತ ಅರ್ಥ. ಅಲ್ಲಿಂದ ನಿಮಿಷ ಎಣಿಕೆ ಶುರು. ಹೊರಗೆ 5 ಡಿಗ್ರಿ ಇದ್ದರೆ ಕೆಲವೇ ನಿಮಿಷ, ಮೈನಸ್ 15 ಇದ್ದರೆ ಅದಕ್ಕಿಂತ ಬಹಳ ಹೆಚ್ಚು. ಪೈಪು ತುಂಬುವ ಹೊತ್ತನ್ನು ಬಿಟ್ಟು ಎಣಿಸುವುದರಿಂದ, ತಣ್ಣಗಿನ ಬಾಯ್ಲರಿಗೂ ಬೆಚ್ಚಗಿನ ಬಾಯ್ಲರಿಗೂ ಒಂದೇ ನ್ಯಾಯ. ಈ ಸೆನ್ಸರನ್ನು ಉತ್ತರದ ಉದ್ದ ಮೇನಿನ ತುದಿಗೇ ಕಟ್ಟಬೇಕು ಅಂತ ನಾನು ಹಟ ಹಿಡಿದೆ. ದಕ್ಷಿಣಕ್ಕೆ ಕಟ್ಟಿದ್ದರೆ ಹಳೇ ಕತೆಯೇ ಬೇರೆ ರೂಪದಲ್ಲಿ ಮರುಕಳಿಸುತ್ತಿತ್ತು.

ಹೊರಗಿನ ಚಳಿಯನ್ನಷ್ಟೇ ನೋಡುವ ಕಂಟ್ರೋಲರಿಗೆ ಒಂದು ಕುರುಡುತನ ಇದೆ. ಒಳಗೆ ಏನಾಗುತ್ತಿದೆ ಅಂತ ಅದಕ್ಕೆ ತಿಳಿಯದು. ಗಾಳಿ ಜೋರಾದ ದಿನ ಹೊರಗಿನ ಅಂಕಿ ಅದೇ ಇದ್ದರೂ ಹಳೇ ಕಿಟಕಿಯ ಮನೆ ಬೇಗ ತಣಿಯುತ್ತದೆ. ಹಾಗಾಗಿ ಒಳಗಿನ ಸೆನ್ಸರುಗಳೂ ಬೇಕು ಅಂದೆವು. 1 ಎನ್, 2 ಎನ್, 2 ಎಸ್, 3 ಎಸ್, ನಾಲ್ಕು ಮನೆಗೆ ಒಂದೊಂದು. ನಾಲ್ಕರ ಸರಾಸರಿ ನೋಡಿ ನಿಮಿಷ ತಿದ್ದಿಕೊಳ್ಳುತ್ತದೆ. ತಂತಿಯವೇ ಬೇಕು ಅಂತ ಕೇಳಿದೆವು. ಜನವರಿಯ ನಡುರಾತ್ರಿ ಬ್ಯಾಟರಿ ಸತ್ತರೆ ಯಾರು ನೋಡುತ್ತಾರೆ? ಇಂಟರ್‌ನೆಟ್ ಹೋದರೂ, ಒಳಗಿನ ಸೆನ್ಸರ್ ಕೆಟ್ಟರೂ, ಹೊರಗಿನ ಲೆಕ್ಕದಲ್ಲಿ ಓಡುತ್ತಲೇ ಇರಬೇಕು. ಸ್ಮಾರ್ಟ್ ಥರ್ಮೋಸ್ಟಾಟನ್ನು ಕೈಬಿಟ್ಟದ್ದು ಮುಖ್ಯವಾಗಿ ಈ ಕಾರಣಕ್ಕೆ. ಇನ್ನೊಂದು ಕಾರಣ, ಅದರ ಆಪ್ ಯಾರ ಫೋನಿನಲ್ಲಿ ಇರಬೇಕು ಅನ್ನುವುದು ಮತ್ತೆ ಬೀಗದ ಪೆಟ್ಟಿಗೆಯ ಜಗಳವೇ.

ರಾತ್ರಿ ಶಾಖ ತೀರಾ ಇಳಿಸಿ ಉಳಿಸೋಣ ಅನ್ನುವ ವಾದ ಬಂತು. ಕಾನೂನು ಬಿಡುವುದು ಒಂದು ಡಿಗ್ರಿ ಸೆಲ್ಸಿಯಸ್ ಚಿಲ್ಲರೆ ಅಷ್ಟೇ. ಅದಕ್ಕಿಂತ ಇಳಿಸಿದರೆ ಬೆಳಗ್ಗೆ ಬಾಯ್ಲರ್ ಒಂದೇ ಸಮ ಓಡಬೇಕಾಗುತ್ತದೆ. ಹಾಗೆ ಉದ್ದ ಓಡಿದಾಗಲೇ ಹತ್ತಿರದ ಮನೆ ಬೇಯುವುದು. ಅದನ್ನು ಬಿಟ್ಟೆವು.

ನಿಮ್ಮ ಕಟ್ಟಡದಲ್ಲಿ ಹರಿಯುವುದು ಬಿಸಿನೀರಾದರೆ ಇದೆಲ್ಲ ಬೇರೆ. ಅಲ್ಲಿ ಹೊರಗಿನ ಚಳಿಗೆ ತಕ್ಕಂತೆ ನೀರಿನ ಬಿಸಿಯನ್ನೇ ಏರಿಸಿ ಇಳಿಸಬಹುದು. ಕಂಡೆನ್ಸಿಂಗ್ ಬಾಯ್ಲರ್ ಇದ್ದರೆ ಅದೇ ದೊಡ್ಡ ಉಳಿತಾಯ. ವಾಪಸು ಬರುವ ನೀರು ಸುಮಾರು 54 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಅದು ಹೊಗೆಯಲ್ಲಿನ ಹಬೆಯನ್ನು ತಣಿಸಿ ಆ ಶಾಖವನ್ನೂ ಹಿಡಿದುಕೊಳ್ಳುತ್ತದೆ. ಮೊದಲು ನಿಮ್ಮದು ಹಬೆಯೋ ನೀರೋ ನೋಡಿಕೊಳ್ಳಿ. ರೇಡಿಯೇಟರಿನ ಪಕ್ಕ ಸುಯ್ಯನ್ನುವ ವೆಂಟ್ ಇದ್ದರೆ ಹಬೆ.

ಮೊದಲ ಚಳಿಗಾಲ

2022ರ ಸೆಪ್ಟೆಂಬರ್ 15ಕ್ಕೆ ಮುಂಚೆ ಕಂಟ್ರೋಲರ್ ಕೂತಿತು. ಜೊತೆಗೆ ಐದು ವಾಲ್ವ್. 3 ಎಸ್‌ಗೆ ಎರಡು, 3 ಎನ್‌ಗೆ ಎರಡು, ನರ್ಸಮ್ಮನ ಮಲಗುವ ಕೋಣೆಗೆ ಒಂದು. ಐದು ವಾಲ್ವಿಗೆ 1,100 ಡಾಲರ್. ಎಲ್ಲ ಕೂಡಿದರೆ 5,700.

ನವೆಂಬರಿನಲ್ಲಿ ವಿಚಿತ್ರ ತೊಂದರೆ ಶುರುವಾಯಿತು. ಬಿಸಿಲಿರುವ ದಿನ ಮಧ್ಯಾಹ್ನ ಇಡೀ ಕಟ್ಟಡ ತಣ್ಣಗೆ. ಮೋಡ ಕವಿದ ದಿನ ಸರಿ. ಎರಡು ವಾರ ತಲೆ ಕೆಡಿಸಿಕೊಂಡೆವು. ಕೊನೆಗೆ ನೋಡಿದರೆ ಹೊರಗಿನ ಸೆನ್ಸರನ್ನು ಕೂರಿಸಿದವರು ತಂತಿ ಎಳೆಯಲು ಸುಲಭ ಅಂತ ದಕ್ಷಿಣದ ಗೋಡೆಗೆ ಹೊಡೆದಿದ್ದರು. ಬಿಸಿಲು ಬಿದ್ದಾಗ ಅದು 15 ಡಿಗ್ರಿ ಅನ್ನುತ್ತಿತ್ತು, ನಿಜವಾಗಿ 2 ಇರುತ್ತಿತ್ತು. ಉತ್ತರದ ಗೋಡೆಗೆ, ನೆರಳಿಗೆ ಸರಿಸಿದರು. ಕೈಪಿಡಿಯಲ್ಲಿ ಮೊದಲ ಪುಟದಲ್ಲೇ ಹಾಗೆ ಬರೆದಿತ್ತು.

ಇದಕ್ಕಿಂತ ಕಷ್ಟ ಆದದ್ದು ಜನರ ಕೈ. ಮೊದಲು ಬಾಯ್ಲರ್ ಉದ್ದಕ್ಕೆ ಓಡುತ್ತಿದ್ದಾಗ ರೇಡಿಯೇಟರ್ ಮುಟ್ಟಿದರೆ ಸುಡುತ್ತಿತ್ತು. ಈಗ ಸ್ವಲ್ಪ ಸ್ವಲ್ಪ ಹೊತ್ತು ಓಡುವುದರಿಂದ ಎಷ್ಟೋ ಸಲ ಅರ್ಧ ಭಾಗ ಮಾತ್ರ ಬಿಸಿ, ಕೆಲವೊಮ್ಮೆ ಉಗುರುಬೆಚ್ಚಗೆ. ಕೋಣೆ 21.5 ಇದ್ದರೂ ಜನ ರೇಡಿಯೇಟರ್ ಮುಟ್ಟಿ "ಹೀಟ್ ಬರ್ತಿಲ್ಲ" ಅಂತ ಬರೆಯುತ್ತಿದ್ದರು. ಡಿಸೆಂಬರಿನಲ್ಲಿ ಅಂಥ ದೂರು ಒಂಬತ್ತು. ಪ್ರತಿ ಮನೆಗೂ ಒಂದು ಎಂಟು ಡಾಲರಿನ ಥರ್ಮಾಮೀಟರ್ ಕೊಟ್ಟು, "ಕೈಯಿಂದ ನೋಡಬೇಡಿ, ಇದನ್ನು ನೋಡಿ" ಅಂದೆ. ಜನವರಿಯಲ್ಲಿ ದೂರು ಎರಡಕ್ಕೆ ಇಳಿಯಿತು. ಇಡೀ ಯೋಜನೆಯಲ್ಲಿ ಅತಿ ಕಮ್ಮಿ ಖರ್ಚಿನ ಕಂಟ್ರೋಲ್ ಅದೇ ಇರಬೇಕು.

ಚಳಿಗಾಲ ಮುಗಿದಾಗ ಲೆಕ್ಕ ಹೀಗಿತ್ತು. ಡಿಗ್ರಿ-ದಿನಕ್ಕೆ 0.88 ಥರ್ಮ್. ಮೊದಲಿಗಿಂತ ಶೇಕಡಾ 16 ಕಡಿಮೆ. ನಮ್ಮ ದರದಲ್ಲಿ ವರ್ಷಕ್ಕೆ ಸುಮಾರು 1,200 ಡಾಲರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು 700 ಡಾಲರಿನ ಪೈಪಿನ ಕೆಲಸದಿಂದ, ಉಳಿದದ್ದು 5,000ದ ಕಂಟ್ರೋಲಿನಿಂದ. ದುಡ್ಡಿನ ಲೆಕ್ಕ ಮಾತ್ರ ನೋಡುವವರು ಪೈಪಿಗೇ ನಿಲ್ಲಿಸಬಹುದಿತ್ತು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅತಿ ಬಿಸಿ ಮನೆಗೂ ಅತಿ ತಣ್ಣಗಿನ ಮನೆಗೂ ಇರುವ ಅಂತರ ನಾಲ್ಕರಿಂದ ಎರಡೂವರೆಗೆ ಇಳಿದದ್ದು, ಥರ್ಮೋಸ್ಟಾಟ್ ನಮ್ಮ ಹಜಾರದಿಂದ ಹೋದದ್ದು, ಇವಕ್ಕೂ ಬೆಲೆ ಇದೆ. ಈಗ ನನಗೆ ಯಾರೂ ಮಧ್ಯಾಹ್ನ ಮೆಸೇಜು ಕಳಿಸುವುದಿಲ್ಲ.

ಬಾಯ್ಲರ್ ಇನ್ನೂ ಅದೇ, ಬೇಕಾದದ್ದಕ್ಕಿಂತ ಒಂದೂವರೆ ಪಟ್ಟು ದೊಡ್ಡದು. ಈಗ ಬದಲಿಸಿದರೆ ದುಡ್ಡು ಹುಟ್ಟುವುದಿಲ್ಲ. ಅದು ಸತ್ತ ದಿನ ಗಡಿಬಿಡಿಯಲ್ಲಿ ಮತ್ತೆ ಅಷ್ಟೇ ದೊಡ್ಡದನ್ನು ತರಬಾರದು ಅಂತ, 1,520 ಚದರ ಅಡಿ ಅನ್ನುವ ಲೆಕ್ಕವನ್ನು ದಪ್ಪ ಅಕ್ಷರದಲ್ಲಿ ಬರೆದು ಅದರ ಪಕ್ಕದ ಗೋಡೆಗೆ ಅಂಟಿಸಿದ್ದೇನೆ.

ಅಮ್ಮ ಎರಡನೇ ಸಲ ಬಂದದ್ದು 2024ರ ಜನವರಿಯಲ್ಲಿ. ರೇಡಿಯೇಟರಿನ ಮೇಲೆ ಮಣೆ ಹಾಕಿ ಹಿಟ್ಟಿನ ಪಾತ್ರೆ ಇಟ್ಟರು. ಬೆಳಗ್ಗೆ ಅದು ಉಬ್ಬಿ ಮುಚ್ಚಳ ಎತ್ತಿತ್ತು. ಮೇಷ್ಟ್ರಿಗೂ ಒಂದು ತಟ್ಟೆ ಇಡ್ಲಿ ಕೊಟ್ಟು ಬಾ ಅಂದರು. ಹೋದೆ. ಮನೆಯಲ್ಲಿ 23 ಡಿಗ್ರಿ, ಅವರು ಸ್ವೆಟರ್ ಹಾಕಿಕೊಂಡಿದ್ದರು. ಕಿಟಕಿ ಮಾತ್ರ ಎರಡು ಬೆರಳಿನಷ್ಟು ತೆರೆದೇ ಇತ್ತು. ಯಾಕೆ ಅಂತ ಕೇಳಿದೆ. ಮೂವತ್ತು ವರ್ಷದಿಂದ ಚಳಿಗಾಲದಲ್ಲಿ ಕಿಟಕಿ ತೆರೆದೇ ಮಲಗಿದ್ದೇನೆ, ಮುಚ್ಚಿದರೆ ನಿದ್ದೆ ಬರುವುದಿಲ್ಲ ಅಂದರು.